ಭಾರವೂ ದೂರವೂ

ಬಾಗಿಲಿಗೆ ಹಿಡಿಯನ್ನು ಕೂರಿಸುವ ಬಡಗಿಯು ಅದನ್ನು ತಿರುಗಣಿಯ ಬಳಿ ಎಂದಿಗೂ ಕೂರಿಸುವುದಿಲ್ಲ. ತಿರುಗಣಿಯಿಂದ ಅತ್ಯಂತ ದೂರದಲ್ಲಿರುವ ಅಂಚನ್ನೇ ಆರಿಸಿಕೊಳ್ಳುತ್ತಾನೆ. ಹೀಗೇಕೆಂದು ಕೇಳಿದರೆ ‘ಅಲ್ಲಿದ್ದರೇ ಬಾಗಿಲು ಹಗುರ’ ಎನ್ನುತ್ತಾನೆ. ಬಾಗಿಲ ತೂಕವು ಎಲ್ಲಿ ಹಿಡಿದರೂ ಒಂದೇ. ಹಗುರವಾದುದು ನಮ್ಮ ಕೆಲಸ ಮಾತ್ರ. ಅದು ಹೇಗೆ ಹಗುರವಾಯಿತೆಂಬ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಅದು ನಮ್ಮನ್ನು ಅಂಗಡಿಯ ತಕ್ಕಡಿಯವರೆಗೂ, ಕೊನೆಗೆ ನಮ್ಮದೇ ಬೆನ್ನೆಲುಬಿನವರೆಗೂ ಕರೆದೊಯ್ಯುತ್ತದೆ. ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುವ ಈ ಒಂದು ನಿಯಮವನ್ನು ಮನೆಯ ಹಿರಿಯರು ಅರಿತಿದ್ದರೆ ಹಣವೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ವಾಚಕರು ತಮ್ಮ ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ನಡೆಸಬಹುದು. ಬಾಗಿಲ ಅಗಲ 90 ಸೆಂಟಿಮೀಟರ್ ಇದೆಯೆನ್ನೋಣ. ಹೊರ ಅಂಚಿನಲ್ಲಿ ಒಂದು ಬೆರಳಿನಿಂದ ನೂಕಿದರೆ ಅದು ಸಲೀಸಾಗಿ ತಿರುಗುತ್ತದೆ. ಅದೇ ಬೆರಳನ್ನು ತಿರುಗಣಿಯಿಂದ 15 ಸೆಂಟಿಮೀಟರ್ ದೂರದಲ್ಲಿಟ್ಟು ನೂಕಿದರೆ ಮೊದಲಿನ ಆರು ಪಟ್ಟು ಬಲ ಬೇಕಾಗುತ್ತದೆ. ತಿರುಗಣಿಯ ಮೇಲೆಯೇ ಕೈಯಿಟ್ಟು ನೂಕಿದರೆ ಜಟ್ಟಿಯಾದರೂ ಬಾಗಿಲನ್ನು ಕದಲಿಸಲಾರ. ಅಂದಮೇಲೆ ಒಂದು ವಸ್ತುವನ್ನು ತಿರುಗಿಸುವ ಸಾಮರ್ಥ್ಯವು ಬಲವೊಂದರಿಂದಲೇ ನಿರ್ಧಾರವಾಗದು. ಬಲವನ್ನೂ, ಆ ಬಲವು ಸಾಗುವ ರೇಖೆಗೂ ತಿರುಗುವ ಬಿಂದುವಿಗೂ ನಡುವಣ ಲಂಬದೂರವನ್ನೂ ಗುಣಿಸಿದಾಗ ಬರುವ ಗುಣಲಬ್ಧವೇ ಅದರ ಅಳತೆ. ಇದಕ್ಕೆ ಬಲದ ಭ್ರಾಮಕವೆಂದು ಹೆಸರು. ಒಂದು ಕಡೆಗೆ ತಿರುಗಿಸುವ ಭ್ರಾಮಕಗಳ ಮೊತ್ತವೂ ಅದರ ಎದುರು ದಿಕ್ಕಿಗೆ ತಿರುಗಿಸುವ ಭ್ರಾಮಕಗಳ ಮೊತ್ತವೂ ಸಮನಾದಾಗ ವಸ್ತುವು ಎತ್ತಲೂ ತಿರುಗದೆ ನಿಲ್ಲುತ್ತದೆ. ವಿಜ್ಞಾನಿಗಳು ಇದನ್ನು ನ್ಯೂಟನ್-ಮೀಟರಿನಲ್ಲಿ ಅಳೆಯುತ್ತಾರೆ. ನಾವು ಮನೆಯ ಲೆಕ್ಕಕ್ಕೆ ಕಿಲೋ ಮತ್ತು ಸೆಂಟಿಮೀಟರುಗಳನ್ನೇ ಇಟ್ಟುಕೊಳ್ಳೋಣ.

ಭ್ರಾಮಕವೆಂಬ ಶಬ್ದವು ‘ಭ್ರಮ್’ ಧಾತುವಿನಿಂದ ಬಂದುದು. ಸುತ್ತು, ತಿರುಗು ಎಂಬುದು ಆ ಧಾತುವಿನ ಅರ್ಥ. ಗ್ರಹಗಳ ಪರಿಭ್ರಮಣ, ಹೂವಿನ ಸುತ್ತ ಸುಳಿಯುವ ಭ್ರಮರ, ತಲೆ ತಿರುಗಿಸುವ ಭ್ರಮೆ, ಇವೆಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವು ಪಠ್ಯದಲ್ಲಿ ‘ಮೊಮೆಂಟ್’ ಎಂಬ ಪದವನ್ನು ಕಂಡು, ಕ್ಷಣವೆಂದು ಭಾವಿಸಿ, ಗೊಂದಲಕ್ಕೀಡಾಗುವುದುಂಟು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಾರ್ಥ ಚಲನೆ ಎಂದು. ತಕ್ಕಡಿಯನ್ನು ಓಲಿಸುವ ಅಲ್ಪ ಭಾರಕ್ಕೂ ಅಲ್ಲಿ ಅದೇ ಹೆಸರಿತ್ತು. ಈ ವಿಷಯದಲ್ಲಿ ನಮ್ಮ ಶಬ್ದವೇ ಹೆಚ್ಚು ತಿಳಿಯಾಗಿದೆಯೆಂದು ನನ್ನ ಅಭಿಪ್ರಾಯ.

ಬಾಗಿಲ ಮಾತನ್ನು ಬಿಡುವ ಮೊದಲು ತಾಯಂದಿರು ಗಮನಿಸಬೇಕಾದ ಸಂಗತಿಯೊಂದಿದೆ. ಬಾಗಿಲ ಹೊರ ಅಂಚಿಗೆ ಸಿಕ್ಕಿದ ಮಗುವಿನ ಬೆರಳಿಗಿಂತ ತಿರುಗಣಿಯ ಸಂದಿಗೆ ಸಿಕ್ಕಿದ ಬೆರಳಿಗೆ ಆಗುವ ಪೆಟ್ಟು ಬಹಳ ಘೋರವಾದುದು. ಹಿರಿಯರೊಬ್ಬರು ಅಂಚಿನಲ್ಲಿ 5 ಕಿಲೋ ಭಾರದಷ್ಟು ಬಲದಿಂದ ನೂಕಿದರೆಂದು ಎಣಿಸೋಣ. 90 ಸೆಂಟಿಮೀಟರ್ ದೂರದ ಆ ಬಲದ ಭ್ರಾಮಕ 450. ತಿರುಗಣಿಯಿಂದ 3 ಸೆಂಟಿಮೀಟರ್ ದೂರದಲ್ಲಿ ಬೆರಳಿದ್ದರೆ ಆ ಭ್ರಾಮಕವನ್ನು ತಡೆಯಲು ಅದರ ಮೇಲೆ ಬೀಳುವ ಒತ್ತು 150 ಕಿಲೋ ಭಾರಕ್ಕೆ ಸಮ. ನೂಕಿದವರಿಗೆ ತಾವು ಜೋರಾಗಿ ನೂಕಿದೆವೆಂಬ ಅರಿವೂ ಇರುವುದಿಲ್ಲ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಬಾಗಿಲ ಹಿಂಬದಿಯ ಸಂದಿಯ ಮೇಲೆ ಕಣ್ಣಿರಬೇಕು.

ಲಂಬದೂರವೆಂದು ಒತ್ತಿ ಹೇಳಿದುದಕ್ಕೂ ಕಾರಣವಿದೆ. ಬಾಗಿಲ ಅಂಚನ್ನು ಹಿಡಿದು ತಿರುಗಣಿಯ ಕಡೆಗೇ ನೇರವಾಗಿ ಒತ್ತಿದರೆ ಅದು ತಿರುಗುವುದಿಲ್ಲ; ಬಲದ ರೇಖೆಯು ತಿರುಗುವ ಬಿಂದುವಿನ ಮೂಲಕವೇ ಹಾದುಹೋಗುವುದರಿಂದ ದೂರವು ಸೊನ್ನೆ. ಬೈಸಿಕಲ್ ತುಳಿಯುವವರಿಗೆ ಇದರ ಅನುಭವವಿದೆ. ಪೆಡಲು ನೆಟ್ಟಗೆ ಮೇಲ್ತುದಿಯಲ್ಲಿದ್ದಾಗ ಎಷ್ಟು ತುಳಿದರೂ ಗಾಲಿ ಮಿಸುಕದು. ಅದು ಮುಂದಕ್ಕೆ ಬಂದು ನೆಲಕ್ಕೆ ಸಮಾನಾಂತರವಾದಾಗಲೇ ತುಳಿತವು ಪೂರ್ತಿ ಫಲ ಕೊಡುತ್ತದೆ.

ನಮ್ಮ ಮನೆಗಳಲ್ಲಿ ಈ ನಿಯಮವು ಹೆಸರಿಲ್ಲದೆ ಬಹುಕಾಲದಿಂದ ದುಡಿಯುತ್ತಿದೆ. ಅಡಕತ್ತರಿಯಲ್ಲಿ ಅಡಕೆಯನ್ನು ಕೀಲಿಗೆ ಆತು ಇಡುತ್ತೇವೆ, ಹಿಡಿಯನ್ನು ತುದಿಯಲ್ಲಿ ಒತ್ತುತ್ತೇವೆ, ಗೋಟಡಕೆಯೂ ಹೋಳಾಗುತ್ತದೆ. ಬೀಸುವ ಕಲ್ಲಿನ ಗೂಟವು ನಡುವಿನಲ್ಲಿರದೆ ಅಂಚಿನಲ್ಲಿದೆ. ಇಕ್ಕಳದಲ್ಲಿ ಮಾತ್ರ ವ್ಯವಹಾರ ತಿರುಗುಮುರುಗು: ಅಲ್ಲಿ ಬೇಕಾದುದು ಹೆಚ್ಚು ಬಲವಲ್ಲ, ಬಿಸಿಯಿಂದ ಕೈಗೆ ದೂರ; ಆದಕಾರಣ ಸ್ವಲ್ಪ ಬಲವನ್ನು ಬಿಟ್ಟುಕೊಡುತ್ತೇವೆ.

ಇವೆಲ್ಲಕ್ಕಿಂತ ಸುಂದರವಾದ ನಿದರ್ಶನವೆಂದರೆ ಏತ. ಪಂಪುಸೆಟ್ಟುಗಳು ಬಂದ ಮೇಲೆ ಅದನ್ನು ನೋಡಿರುವವರೇ ಕಡಿಮೆ. ಗಟ್ಟಿಯಾದ ಕಂಬದ ಮೇಲೆ ಉದ್ದನೆಯ ತೊಲೆಯೊಂದು ಏರಿಳಿಯುವಂತೆ ಕೂರಿಸಿ, ಅದರ ಒಂದು ತುದಿಗೆ ನೀರೆತ್ತುವ ಪಾತ್ರೆಯನ್ನೂ ಇನ್ನೊಂದು ತುದಿಗೆ ಕಲ್ಲಿನ ಭಾರವನ್ನೂ ಕಟ್ಟುತ್ತಿದ್ದರು. ಕೆಲವೆಡೆ ಕಲ್ಲಿನ ಬದಲಿಗೆ ಮನುಷ್ಯನೇ ತೊಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ. ಅವನು ಕಂಬದ ನೇರಕ್ಕೆ ನಿಂತಾಗ ಅವನ ಭಾರದಿಂದ ಯಾವ ಪರಿಣಾಮವೂ ಇಲ್ಲ. ಹಿಂದಕ್ಕೆ ಒಂದೊಂದು ಹೆಜ್ಜೆ ಇಟ್ಟಂತೆ ಅದೇ ಮನುಷ್ಯನ ಅದೇ ತೂಕವು ಹೆಚ್ಚು ಹೆಚ್ಚು ಬಲಶಾಲಿಯಾಗಿ, ನೀರು ತುಂಬಿದ ಪಾತ್ರೆ ಬಾವಿಯಿಂದ ಮೇಲೇಳುತ್ತದೆ. ಮುಂದಕ್ಕೆ ನಡೆದರೆ ಪಾತ್ರೆ ಮರಳಿ ಇಳಿಯುತ್ತದೆ. ತೂಕ ಬದಲಾಗಲಿಲ್ಲ, ದೂರ ಮಾತ್ರ ಬದಲಾಯಿತು. ಭ್ರಾಮಕವನ್ನು ಕಲಿಸಬೇಕಾದ ಉಪಾಧ್ಯಾಯರಿಗೆ ಇದಕ್ಕಿಂತ ಉತ್ತಮ ಪಾಠೋಪಕರಣ ದೊರೆಯಲಾರದು.

ತೇರಿನ ಗಾಲಿಗೆ ಸನ್ನೆ ಹಾಕುವವರನ್ನೂ, ಹೊಲದಲ್ಲಿ ಹಾರೆಯಿಂದ ಬಂಡೆ ಮೀಟುವವರನ್ನೂ ಎಲ್ಲರೂ ಕಂಡಿದ್ದೇವೆ. 150 ಸೆಂಟಿಮೀಟರ್ ಉದ್ದದ ಹಾರೆಯ ತುದಿಯನ್ನು ಬಂಡೆಯ ಕೆಳಗೆ ತೂರಿಸಿ, ತುದಿಯಿಂದ 15 ಸೆಂಟಿಮೀಟರ್ ದೂರದಲ್ಲಿ ಒಂದು ಕಲ್ಲನ್ನು ಆನಿಕೆಯಾಗಿ ಇಟ್ಟರೆ ನಮ್ಮ ಕಡೆಯ ತೋಳು 135 ಸೆಂಟಿಮೀಟರ್, ಬಂಡೆಯ ಕಡೆಯ ತೋಳು 15. ಅಂದರೆ ಒಂಬತ್ತು ಪಟ್ಟು. 30 ಕಿಲೋ ಒತ್ತಿದವನು 270 ಕಿಲೋ ಭಾರವನ್ನು ಎತ್ತುತ್ತಾನೆ. ಇದು ಬಿಟ್ಟಿ ದೊರೆತ ಲಾಭವಲ್ಲ. ಬಂಡೆಯು ಒಂದು ಸೆಂಟಿಮೀಟರ್ ಏಳಬೇಕಾದರೆ ನಮ್ಮ ಕೈ ಒಂಬತ್ತು ಸೆಂಟಿಮೀಟರ್ ಇಳಿಯಬೇಕು. ಬಲದಲ್ಲಿ ಪಡೆದುದನ್ನು ದೂರದಲ್ಲಿ ತೆತ್ತೇ ತೀರಬೇಕು. ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿದ್ದ ಆರ್ಕಿಮಿಡೀಸನು, ಎರಡು ಭಾರಗಳು ಆನಿಕೆಯಿಂದ ತಮ್ಮ ತೂಕಗಳಿಗೆ ವಿಲೋಮ ಪ್ರಮಾಣದ ದೂರಗಳಲ್ಲಿದ್ದಾಗ ಸಮತೋಲದಲ್ಲಿರುತ್ತವೆಂದು ರೇಖಾಗಣಿತದ ಕ್ರಮದಲ್ಲಿ ಸಾಧಿಸಿದನು. ನಿಲ್ಲಲು ಸ್ಥಳ ದೊರೆತರೆ ಭೂಮಿಯನ್ನೇ ಕದಲಿಸುವೆನೆಂದು ಅವನು ನುಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಹಾಗೆ ಕದಲಿಸಲು ಅವನ ಕೈ ಎಷ್ಟು ದೂರ ಇಳಿಯಬೇಕಾಗಿತ್ತೆಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಪುಸ್ತಕಕ್ಕಿಂತ ಮೊದಲು ಅಡುಗೆಯ ಮನೆಯಲ್ಲಿ ಈ ನಿಯಮವನ್ನು ನಾನು ಕಂಡುದುಂಟು. ಮಠದ ಪಾಠಶಾಲೆಯ ವಿದ್ಯಾರ್ಥಿಗಳಾಗಿದ್ದ ನಮಗೆ ಜಾತ್ರೆಯ ದಾಸೋಹದಲ್ಲಿ ಸಾರಿನ ಕೊಪ್ಪರಿಗೆಯನ್ನು ಗಳುವಿಗೆ ತೂಗುಹಾಕಿ ಇಬ್ಬಿಬ್ಬರಾಗಿ ಹೊರುವ ಸೇವೆಯಿರುತ್ತಿತ್ತು. ಒಂದು ತುದಿಗೆ ಪ್ರಾಯದ ಆಳು, ಇನ್ನೊಂದು ತುದಿಗೆ ಹುಡುಗ. ಮುಖ್ಯ ಅಡುಗೆಯವರು ‘ಹುಡುಗನ ಕಡೆ ಗಳು ಉದ್ದ ಬಿಡಿ’ ಎಂದು ಕೂಗಿ ಹೇಳುತ್ತಿದ್ದರು. ಅವರು ಅಕ್ಷರ ಕಲಿತವರಲ್ಲ. ಲೆಕ್ಕ ಮಾತ್ರ ತಪ್ಪಿರಲಿಲ್ಲ. ಗಳುವಿನ ಉದ್ದ 200 ಸೆಂಟಿಮೀಟರ್, ಕೊಪ್ಪರಿಗೆಯ ಭಾರ 60 ಕಿಲೋ ಎನ್ನೋಣ. ನಟ್ಟನಡುವೆ ತೂಗಿದರೆ ಇಬ್ಬರಿಗೂ 30 ಕಿಲೋ. ದೊಡ್ಡವನಿಂದ 80, ಹುಡುಗನಿಂದ 120 ಸೆಂಟಿಮೀಟರ್ ದೂರದಲ್ಲಿ ತೂಗಿದರೆ ದೊಡ್ಡವನಿಗೆ 36, ಹುಡುಗನಿಗೆ 24. ಒಂದು ಗೇಣು ಸರಿಸಿದುದರಿಂದ ಹುಡುಗನ ಹೆಗಲಿನ ಮೇಲಿಂದ ಆರು ಕಿಲೋ ಇಳಿಯಿತು.

ಸನ್ನೆಗೋಲಿನ ಎರಡು ತೋಳುಗಳನ್ನೂ ಸಮ ಮಾಡಿ, ಎರಡು ತುದಿಗಳಿಗೂ ತಟ್ಟೆಗಳನ್ನು ತೂಗುಹಾಕಿದರೆ ಅದೇ ತಕ್ಕಡಿ. ದೂರಗಳು ಸಮನಾಗಿರುವುದರಿಂದ ಭಾರಗಳೂ ಸಮನಾಗಲೇಬೇಕೆಂಬುದು ತಕ್ಕಡಿಯ ನ್ಯಾಯ. ಆ ನ್ಯಾಯವೆಲ್ಲವೂ ತೋಳುಗಳ ಸಮತೆಯ ಮೇಲೆ ನಿಂತಿದೆ. ರಾಜ್ಯವು ತಕ್ಕಡಿಯನ್ನು ತನ್ನ ಕಣ್ಗಾವಲಿನಲ್ಲಿ ಇಟ್ಟುಕೊಳ್ಳಬೇಕೆಂಬ ವಿಚಾರ ನಮ್ಮಲ್ಲಿ ಬಹು ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಹತ್ತು ಅಳತೆಯ ತಕ್ಕಡಿಗಳ ವಿವರವಿದೆ. ಮೊದಲನೆಯದರ ದಂಡ 6 ಅಂಗುಲ, ಮುಂದಿನವು ಒಂದಕ್ಕಿಂತ ಒಂದು 8 ಅಂಗುಲ ಉದ್ದ. ತೂಕ ಅಳತೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂಬ ವಿಧಿಯೂ ಅಲ್ಲಿದೆ. ಸ್ವತಂತ್ರ ಭಾರತದಲ್ಲಿ 1956ರ ಶಾಸನದ ಮೂಲಕ ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂತು; ಈಗ ಜಾರಿಯಲ್ಲಿರುವುದು 2009ರ ಕಾನೂನುಬದ್ಧ ಮಾಪನ ಶಾಸನ.

ಮೋಸದ ತಕ್ಕಡಿಯ ಗುಟ್ಟನ್ನು ಗ್ರಾಹಕರಾಗಿಯೂ ಕೃಷಿಕರಾಗಿಯೂ ನಾವು ತಿಳಿದಿರಬೇಕು. ಒಂದು ತೋಳು 20 ಸೆಂಟಿಮೀಟರ್, ಇನ್ನೊಂದು 21 ಸೆಂಟಿಮೀಟರ್ ಇರುವ ತಕ್ಕಡಿಯನ್ನು ಊಹಿಸಿಕೊಳ್ಳಿ. ಗಿಡ್ಡ ತೋಳಿನ ತಟ್ಟೆಯನ್ನು ತುಸು ಭಾರವಾಗಿಸಿದರೆ ಬರಿದಾದ ತಕ್ಕಡಿಯ ಮುಳ್ಳು ನೆಟ್ಟಗೆ ನಡುವೆ ನಿಲ್ಲುತ್ತದೆ. ‘ನೋಡಿ, ತಕ್ಕಡಿ ಸರಿಯಾಗಿದೆ’ ಎಂದು ಅಂಗಡಿಯವನು ಬರಿ ತಕ್ಕಡಿಯನ್ನು ಎತ್ತಿ ತೋರಿಸಿದರೆ ಆ ಮಾತಿಗೆ ಯಾವ ಬೆಲೆಯೂ ಇಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. ಈಗ ಅವನು ಮಾರುವಾಗ ಕಿಲೋ ಬಟ್ಟನ್ನು ಗಿಡ್ಡ ತೋಳಿಗೂ ಬೇಳೆಯನ್ನು ಉದ್ದ ತೋಳಿಗೂ ಹಾಕುತ್ತಾನೆ. 20ನ್ನು 21ರಿಂದ ಭಾಗಿಸಿದರೆ ನಮ್ಮ ಚೀಲಕ್ಕೆ ಬಿದ್ದ ಬೇಳೆ 952 ಗ್ರಾಂ. ಅದೇ ವ್ಯಾಪಾರಿಯು ರೈತನಿಂದ ಕೊಳ್ಳುವಾಗ ಬಟ್ಟನ್ನು ಉದ್ದ ತೋಳಿಗೂ ಮಾಲನ್ನು ಗಿಡ್ಡ ತೋಳಿಗೂ ಬದಲಾಯಿಸುತ್ತಾನೆ. ಕಿಲೋ ಒಂದಕ್ಕೆ 1050 ಗ್ರಾಂ ಅವನ ಪಾಲಿಗೆ ಬರುತ್ತದೆ. ಬಟ್ಟು ಅಚ್ಚುಕಟ್ಟಾಗಿದೆ, ಅದರ ಮೇಲೆ ಮುದ್ರೆಯೂ ಇದೆ. ಕಣ್ಣಿಗೆ ಕಾಣದಿದ್ದುದು ಒಂದು ಸೆಂಟಿಮೀಟರ್ ದೂರ ಮಾತ್ರ.

ಇದನ್ನು ಪತ್ತೆ ಹಚ್ಚಲು ಯಾವ ಉಪಕರಣವೂ ಬೇಡ. ತೂಗಿ ಮುಗಿದ ಮೇಲೆ ಮಾಲನ್ನೂ ಬಟ್ಟನ್ನೂ ಅದಲುಬದಲು ಮಾಡಿಸಿರಿ. ತೋಳುಗಳು ಸಮನಾಗಿದ್ದರೆ ಮುಳ್ಳು ಮತ್ತೆ ನಡುವೆಯೇ ನಿಲ್ಲುತ್ತದೆ. ಇಲ್ಲದಿದ್ದರೆ ತಕ್ಕಡಿಯು ತಾನೇ ಸಾಕ್ಷಿ ನುಡಿಯುತ್ತದೆ. ಗಣಿತಪ್ರಿಯರಾದ ಯುವಕರಿಗಾಗಿ ಇನ್ನೊಂದು ಮಾತು: ಒಂದೇ ವಸ್ತುವನ್ನು ಎರಡು ತಟ್ಟೆಗಳಲ್ಲಿಯೂ ತೂಗಿ, ದೊರೆತ ಎರಡು ತೂಕಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ನಿಜವಾದ ತೂಕ ಸಿಗುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸಿಗುವುದಿಲ್ಲ. ಇಂಥ ತಕ್ಕಡಿಯುಳ್ಳ ವ್ಯಾಪಾರಿಯೊಬ್ಬನು ಮನಸ್ಸು ಮೆತ್ತಗಾಗಿ, ಎರಡು ಕಿಲೋ ಬೇಳೆಯಲ್ಲಿ ಒಂದು ಕಿಲೋವನ್ನು ಈ ತಟ್ಟೆಯಲ್ಲಿಯೂ ಇನ್ನೊಂದನ್ನು ಆ ತಟ್ಟೆಯಲ್ಲಿಯೂ ತೂಗಿ ಕೊಟ್ಟರೆ ಅವನಿಗೇ 2 ಗ್ರಾಮಿಗಿಂತ ತುಸು ಹೆಚ್ಚು ನಷ್ಟ.

ತಕ್ಕಡಿ ಸೊಟ್ಟಗಿದ್ದರೂ ಸರಿಯಾಗಿ ತೂಗುವ ಉಪಾಯವೊಂದನ್ನು 18ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬೋರ್ದಾನ ಹೆಸರಿನಿಂದ ಕರೆಯುತ್ತಾರೆ. ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು, ಮತ್ತೊಂದು ತಟ್ಟೆಗೆ ಮರಳು ಸುರಿದು ಮುಳ್ಳನ್ನು ನಡುವೆ ತನ್ನಿರಿ. ಬಳಿಕ ವಸ್ತುವನ್ನು ತೆಗೆದು ಅದೇ ತಟ್ಟೆಯಲ್ಲಿ, ಮರಳಿಗೆ ಸಮನಾಗುವಷ್ಟು ಬಟ್ಟುಗಳನ್ನು ಇಡಿ. ವಸ್ತುವೂ ಬಟ್ಟೂ ಒಂದೇ ತೋಳಿನ ಮೇಲೆ ಕುಳಿತಿರುವುದರಿಂದ ತೋಳಿನ ಉದ್ದವು ಲೆಕ್ಕಕ್ಕೇ ಬರುವುದಿಲ್ಲ. ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ಬಂದಿರುವ ಈ ಕಾಲದಲ್ಲಿಯೂ ಸಂತೆಯಲ್ಲಿ ಕೈತಕ್ಕಡಿಗಳು ಕಾಣುತ್ತವೆ. ಆದಕಾರಣ ಇಷ್ಟು ವಿಸ್ತರಿಸಿ ಬರೆದೆ.

ತಕ್ಕಡಿಯಲ್ಲಿ ಹೋದುದು ನಾಲ್ಕು ತೊಲದಷ್ಟು ಬೇಳೆ; ಅದನ್ನು ಮತ್ತೆ ಗಳಿಸಬಹುದು. ಇದೇ ನಿಯಮವು ನಮ್ಮ ಶರೀರದೊಳಗೆ ನಡೆಸುವ ವ್ಯವಹಾರವು ಇದಕ್ಕಿಂತ ಗಂಭೀರವಾದುದು.

ನಾವು ಮುಂದಕ್ಕೆ ಬಾಗಿ ನೆಲದ ಮೇಲಿನ ಹೊರೆಯನ್ನು ಎತ್ತುವಾಗ ಬೆನ್ನೆಲುಬಿನ ಕೆಳಭಾಗವೇ ಆನಿಕೆಯಾಗುತ್ತದೆ. ಸೊಂಟದಲ್ಲಿ ಐದು ಕಶೇರುಗಳಿವೆ. ಅವುಗಳ ನಡುನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ವೈದ್ಯರು ‘ಡಿಸ್ಕ್’ ಎನ್ನುವುದು ಇವನ್ನೇ. ಬಿಲ್ಲೆಯ ನಡುವೆ ಲೋಳೆಯಂತಹ ಪದಾರ್ಥವೂ ಸುತ್ತಲೂ ನಾರಿನ ಬಿಗಿಯಾದ ಉಂಗುರವೂ ಇವೆ. ಹೊರೆಯು ಆನಿಕೆಯ ಮುಂದೆ ದೂರದಲ್ಲಿ ಕೈಗಳಲ್ಲಿದೆ. ಅದಕ್ಕೆ ಎದುರಾಗಿ ಎಳೆಯುವ ಬೆನ್ನಿನ ಸ್ನಾಯುಗಳಾದರೋ ಬಿಲ್ಲೆಯ ನಡುವಿನಿಂದ ಹಿಂದಕ್ಕೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಇವೆ. ಅಡಕತ್ತರಿಯಲ್ಲಿ ಉದ್ದ ತೋಳು ನಮ್ಮದಾಗಿತ್ತು. ಇಲ್ಲಿ ಉದ್ದ ತೋಳು ಹೊರೆಯದು, ಗಿಡ್ಡ ತೋಳು ನಮ್ಮದು.

ಲೆಕ್ಕ ಹಾಕಿ ನೋಡೋಣ. 20 ಕಿಲೋ ಹೊರೆಯು ಆನಿಕೆಯಿಂದ 40 ಸೆಂಟಿಮೀಟರ್ ಮುಂದಿದ್ದರೆ ಅದರ ಭ್ರಾಮಕ 800. ಇದನ್ನು 5 ಸೆಂಟಿಮೀಟರ್ ತೋಳಿನಿಂದ ತಡೆಯಲು ಸ್ನಾಯುಗಳು 160 ಕಿಲೋ ಭಾರದಷ್ಟು ಎಳೆಯಬೇಕು. ಹೊರೆಯೊಂದಷ್ಟೇ ಅಲ್ಲ, ಬಾಗಿದ ಮುಂಡ, ತಲೆ, ತೋಳುಗಳ ತೂಕವೂ ಮುಂದಕ್ಕೆ ಜಗ್ಗುತ್ತದೆ. 60 ಕಿಲೋ ತೂಕದವರಲ್ಲಿ ಅದು ಸುಮಾರು 36 ಕಿಲೋ. 25 ಸೆಂಟಿಮೀಟರ್ ದೂರದಲ್ಲಿದೆಯೆಂದರೆ ಭ್ರಾಮಕ 900, ಸ್ನಾಯುಗಳ ಎಳೆತ ಇನ್ನೂ 180 ಕಿಲೋ. ಒಟ್ಟು 340 ಕಿಲೋ! ಇಷ್ಟು ಎಳೆತವೂ ಆ ಪುಟ್ಟ ಬಿಲ್ಲೆಯನ್ನು ಅಮುಕುತ್ತದೆ. ನೆಲದ ಮೇಲೆ ಬಿದ್ದ ಸೂಜಿಯನ್ನು ಎತ್ತಿಕೊಳ್ಳಲು ಬಾಗಿದಾಗ ಸೊಂಟ ಹಿಡಿದುಕೊಂಡಿತೆಂದು ಕೆಲವರು ಹೇಳುವಾಗ ಕಿರಿಯರು ನಗುತ್ತಾರೆ. ಸೂಜಿಗೆ ತೂಕವಿಲ್ಲ, ನಿಜ. ಬಾಗಿದ ಮೈಗೆ ಇದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಸ್ವೀಡನ್ ದೇಶದ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿಯೇ ಜೀವಂತ ಮನುಷ್ಯರ ಸೊಂಟದ ಬಿಲ್ಲೆಯೊಳಗೆ ಸೂಜಿಯನ್ನು ತೂರಿಸಿ ಒತ್ತಡವನ್ನು ಅಳೆದರು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಸ್ವಯಂಸೇವಕನೊಬ್ಬನ ನಾಲ್ಕನೆಯ ಮತ್ತು ಐದನೆಯ ಸೊಂಟದ ಕಶೇರುಗಳ ನಡುವಣ ಬಿಲ್ಲೆಯಲ್ಲಿ ಸೂಕ್ಷ್ಮ ಮಾಪಕವನ್ನಿರಿಸಿ, ಅವನು ಮಲಗಿದಾಗ, ನಿಂತಾಗ, ಭಾರ ಎತ್ತಿದಾಗ ಆದ ಒತ್ತಡಗಳನ್ನು ಪ್ರಕಟಿಸಿದರು. ಬೋರಲು ಮಲಗಿದಾಗ 0.1 ಮೆಗಾಪಾಸ್ಕಲ್, ಸುಮ್ಮನೆ ನಿಂತಾಗ 0.5. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3. ಇದು ಕಾರಿನ ಟೈರಿನೊಳಗಿನ ಒತ್ತಡದ ಸುಮಾರು ಹತ್ತು ಪಟ್ಟು. ಮಂಡಿ ಮಡಿಸಿ ಎತ್ತಿದಾಗ 1.7. ಅದೇ 20 ಕಿಲೋವನ್ನು ನಿಂತು, ಮೈಗೆ ಒತ್ತಿ ಹಿಡಿದಾಗ 1.1, ಎದೆಯಿಂದ 60 ಸೆಂಟಿಮೀಟರ್ ದೂರಕ್ಕೆ ಚಾಚಿ ಹಿಡಿದಾಗ 1.8. ಕೊನೆಯ ಎರಡು ಸಂಖ್ಯೆಗಳನ್ನು ವಾಚಕರು ಇನ್ನೊಮ್ಮೆ ನೋಡಬೇಕು: ಭಾರ ಅದೇ, ಭಂಗಿ ಅದೇ, ಬದಲಾದುದು ದೂರ.

‘ಮಂಡಿ ಮಡಿಸಿ ಎತ್ತಿರಿ’ ಎಂಬ ಉಪದೇಶವನ್ನು ಎಲ್ಲೆಡೆಯೂ ಕೇಳುತ್ತೇವೆ. ಅದು ಸರಿಯೇ, ಆದರೆ ಅರ್ಧ ಮಾತ್ರ ಸರಿ. ದೊಡ್ಡ ಬುಟ್ಟಿಯನ್ನು ಮಂಡಿಗಳ ಮುಂದಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಎತ್ತಿದರೆ ಮಂಡಿಗಳೇ ಅಡ್ಡ ಬಂದು ಹೊರೆಯು ಮತ್ತಷ್ಟು ದೂರವಾಗುತ್ತದೆ. ಕಾಲುಗಳನ್ನು ಅಗಲಿಸಿ, ಹೊರೆಯನ್ನು ಅವುಗಳ ನಡುವೆ ತಂದುಕೊಂಡು, ಹೊಟ್ಟೆಗೆ ಆನಿಸಿ ಎತ್ತುವುದೇ ಲೇಸು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಈ ವಿವೇಕವೇ ಅಡಗಿದೆ. ಎಲ್ಲ ಅನುಕೂಲಗಳೂ ಇದ್ದು, ಹೊರೆಯು ಮೈಯಿಂದ 25 ಸೆಂಟಿಮೀಟರ್ ದೂರದೊಳಗಿದ್ದರೆ ಎತ್ತಬಹುದಾದ ಮೇಲ್ಮಿತಿ 23 ಕಿಲೋ. ದೂರವು 50 ಸೆಂಟಿಮೀಟರ್ ಆದರೆ ಮಿತಿಯು ಅರ್ಧಕ್ಕಿಳಿದು 11.5 ಕಿಲೋ. ಎರಡರ ಗುಣಲಬ್ಧವೂ 575. ಅವರು ಕಟ್ಟಿದ ಮಿತಿಯು ಹೊರನೋಟಕ್ಕೆ ತೂಕದ್ದು, ಒಳಗೆ ಭ್ರಾಮಕದ್ದು.

ಈ ಸಂಖ್ಯೆಗಳನ್ನು ನಮ್ಮ ಮನೆಗಳ ಪಕ್ಕದಲ್ಲಿಟ್ಟು ನೋಡಿದರೆ ಚಿಂತೆಯಾಗುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಸಿಲಿಂಡರಿನದೇ ತೂಕ ಸುಮಾರು 15 ಕಿಲೋ. ಒಟ್ಟು 30 ಕಿಲೋ ಸಮೀಪ. ಮೈಗೆ ಆನಿಸಿದರೂ ಅದು ಮೇಲಿನ ಮಿತಿಯನ್ನು ಮೀರುತ್ತದೆ. ಮನೆಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ ಅದನ್ನು ಒಬ್ಬಳೇ ಎತ್ತಿ ಕಟ್ಟೆಯ ಕೆಳಗೆ ಇಡುವ ಸೊಸೆಯ ಸಾಹಸವನ್ನು ಹೊಗಳುವುದರ ಬದಲು ಅತ್ತೆಯೋ ನೆರೆಯವರೋ ಇನ್ನೊಂದು ಕಡೆ ಕೈ ಕೊಡುವುದು ಮೇಲು. ಸಿಮೆಂಟಿನ ಚೀಲ 50 ಕಿಲೋ. ಮಂಡಿಗಳಲ್ಲಿ ಕ್ವಿಂಟಲ್ ತೂಕದ ಚೀಲಗಳನ್ನು ಬೆನ್ನಿನ ಮೇಲೆ ಹೊತ್ತ ಹಮಾಲರ ದುಡಿಮೆಯ ಫಲವನ್ನು ನಾವೆಲ್ಲರೂ ಉಂಡಿದ್ದೇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಪ್ರಾಯದ ಗಂಡಸಿಗೆ 55 ಕಿಲೋಗಿಂತ ಹೆಚ್ಚು ಹೊರಿಸಬಾರದೆಂದು ಶಿಫಾರಸು ಮಾಡಿತ್ತು.

ನೀರಿನ ಕೊಡದ ವಿಷಯದಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ತಿಳಿದವರು. ತಲೆಯ ಮೇಲಿನ ಕೊಡದ ಭಾರವು ಬೆನ್ನೆಲುಬಿನ ಉದ್ದಕ್ಕೂ ನೇರವಾಗಿ ಇಳಿಯುವುದರಿಂದ ಅದರ ಭ್ರಾಮಕ ಬಹುತೇಕ ಸೊನ್ನೆ. ಕೊರಳಿನ ಮೇಲೆ ಭಾರ ಬೀಳುವುದು ದಿಟ. ಅದರಲ್ಲಿ ದೋಷವೇ ಇಲ್ಲವೆನ್ನಲಾಗದು. ಒಂದೇ ಸೊಂಟದ ಮೇಲೆ ಕೊಡವನ್ನಿಟ್ಟಾಗ ಮೈ ಎದುರು ಪಕ್ಕಕ್ಕೆ ಬಾಗುವುದು ಭ್ರಾಮಕವನ್ನು ಸರಿದೂಗಿಸಲಿಕ್ಕಾಗಿ. 15 ಲೀಟರ್ ನೀರನ್ನು ಒಂದು ಕೈಯಲ್ಲಿ ತರುವುದಕ್ಕಿಂತ ಎರಡು ಚಿಕ್ಕ ಬಕೆಟ್ಟುಗಳಲ್ಲಿ ಹಂಚಿ ಎರಡೂ ಕೈಗಳಲ್ಲಿ ತಂದರೆ ಎಡದ ಭ್ರಾಮಕವನ್ನು ಬಲದ ಭ್ರಾಮಕ ಅಳಿಸುತ್ತದೆ, ಬೆನ್ನು ನೆಟ್ಟಗಿರುತ್ತದೆ. ಶಾಲೆಯ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿಕೊಳ್ಳುವ ಮಕ್ಕಳಿಗೂ ಇದು ಅನ್ವಯಿಸುತ್ತದೆ.

ನನ್ನ ವಯಸ್ಸಿನ ವಾಚಕರಿಗಾಗಿ ಇನ್ನೊಂದು ವಿಷಯ ಉಳಿದಿದೆ. ಸೊಂಟದ ಕೀಲೋ ಮಂಡಿಯೋ ನೋಯುವ ಹಿರಿಯರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಹೆಚ್ಚಿನವರು ನೋವಿರುವ ಕಡೆಯ ಕೈಯಲ್ಲಿಯೇ ಹಿಡಿಯುತ್ತಾರೆ. ಎದುರು ಕೈಯಲ್ಲಿ ಹಿಡಿಯಬೇಕು. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಗಳಿಗೆ ಒಂದೇ ಕಾಲಿನ ಮೇಲೆ ನಿಲ್ಲುತ್ತೇವೆ. 60 ಕಿಲೋ ತೂಕದವರಲ್ಲಿ ನಿಂತ ಕಾಲನ್ನು ಬಿಟ್ಟು ಉಳಿದ ಮೈಯ ತೂಕ ಸುಮಾರು 50 ಕಿಲೋ. ಅದು ಆ ಸೊಂಟದ ಕೀಲಿನಿಂದ ಒಳಮಗ್ಗುಲಿಗೆ ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಜಗ್ಗುತ್ತದೆ, ಭ್ರಾಮಕ 500. ಹೊರಮಗ್ಗುಲಲ್ಲಿ ಸುಮಾರು 5 ಸೆಂಟಿಮೀಟರ್ ದೂರದಲ್ಲಿರುವ ಸ್ನಾಯುವು 100 ಕಿಲೋ ಭಾರದಷ್ಟು ಎಳೆದು ಅದನ್ನು ತಡೆಯಬೇಕು. ಕೀಲಿನ ಮೇಲೆ ಬೀಳುವುದು ಎರಡೂ ಸೇರಿ 150 ಕಿಲೋ. ಈಗ ಎದುರು ಕೈಯಲ್ಲಿ, ಕೀಲಿನಿಂದ 50 ಸೆಂಟಿಮೀಟರ್ ದೂರದಲ್ಲಿ, ಕೋಲನ್ನು ಬರಿಯ 5 ಕಿಲೋ ಬಲದಿಂದ ಊರಿರಿ. ಅದರ ಭ್ರಾಮಕ 250. ಮೈಯ ಭಾರದ ಅರ್ಧ ಜಗ್ಗಾಟವನ್ನು ಅದೊಂದೇ ಹೊತ್ತುಕೊಳ್ಳುತ್ತದೆ. ಸ್ನಾಯುವಿಗೆ ಉಳಿದುದು 50 ಕಿಲೋ ಎಳೆತ, ಕೀಲಿನ ಮೇಲೆ ಉಳಿದುದು 95 ಕಿಲೋ. ಐದು ಕಿಲೋ ಊರಿದುದಕ್ಕೆ ಐವತ್ತೈದು ಕಿಲೋ ಇಳಿಯಿತು. ನೋವಿರುವ ಕಡೆಯೇ ಕೋಲು ಹಿಡಿದರೆ ಈ ಉದ್ದ ತೋಳಿನ ಪ್ರಯೋಜನ ದೊರೆಯುವುದಿಲ್ಲ.

ಎಲುಬು ಮುರಿದವರೂ ಶಸ್ತ್ರಚಿಕಿತ್ಸೆಯಾದವರೂ ತಮ್ಮ ವೈದ್ಯರು ಹೇಳಿದಂತೆಯೇ ನಡೆಯಬೇಕು. ಉಳಿದವರು ನೋಯುವ ಕಾಲನ್ನೂ ಎದುರು ಕೈಯ ಕೋಲನ್ನೂ ಒಟ್ಟಿಗೆ ಮುಂದಿಡಬೇಕು. ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುವುದೋ ಕೋಲಿನ ಹಿಡಿ ಅಲ್ಲಿಗೆ ಬರಬೇಕು. ಅದಕ್ಕಿಂತ ಉದ್ದವಾಗಿದ್ದರೆ ಬಡಗಿಯಿಂದ ಕತ್ತರಿಸಿಕೊಂಡು, ತುದಿಗೆ ಜಾರದಂತೆ ರಬ್ಬರಿನ ಬಿರಡೆ ಹಾಕಿಸಿಕೊಳ್ಳಬೇಕು.